ಅಂಬರನಾಥದ ಶಿವಾಲಯ

ಮಧ್ಯ ರೈಲ್ವೆಯ ಅಂಬರನಾಥ ನಿಲ್ದಾಣದ ಪೂರ್ವಕ್ಕೆ, ವಾಲಧುನಿ ನದಿಯ ದಂಡೆಯಲ್ಲಿ, ಕರಿಶಿಲೆಯ ಪ್ರಾಚೀನ ಶಿವಾಲಯವೊಂದಿದೆ. ಪಾಂಡವರು ಒಂದೇ ಇರುಳಿನಲ್ಲಿ ಕಟ್ಟಿದರೆಂಬುದು ಊರವರ ನಂಬಿಕೆ. ಹೇಮಾಡಪಂತಿ ದೇಗುಲವೆಂಬುದು ಓದಿದವರ ವಾಡಿಕೆ. ಎರಡಕ್ಕೂ ಆಧಾರವಿಲ್ಲ, ಯಾದವರ ಮಂತ್ರಿ ಹೇಮಾದ್ರಿ 13ನೆಯ ಶತಮಾನದವನು. ದೇವಾಲಯದೊಳಗಿನ ಶಾಸನವಾದರೋ ಶಕ 982, ಅಂದರೆ ಕ್ರಿ.ಶ. 1060ರದು, ಉತ್ತರ ಕೊಂಕಣದ ಶಿಲಾಹಾರ ದೊರೆ ಮುಮ್ಮುಣಿಯ ಕಾಲದ್ದು.

ಈ ಶಿಲಾಹಾರರು ಯಾರೆಂಬುದನ್ನು ಮುಂಬಯಿ ಕನ್ನಡಿಗರು ಅವಶ್ಯ ಅರಿಯಬೇಕು. ಇವರ ಪೂರ್ವಜರು ಮಾನ್ಯಖೇಟದ ರಾಷ್ಟ್ರಕೂಟರ ಸಾಮಂತರಾಗಿ ಕೊಂಕಣವನ್ನಾಳಿದವರು. ಬೋರಿವಲಿಯ ಕಾನ್ಹೇರಿ ಬೌದ್ಧ ಗುಹೆಯ ಶಾಸನವೊಂದರಲ್ಲಿ ಸಾಮಂತ ಕಪರ್ದಿಯೊಡನೆ ಚಕ್ರವರ್ತಿ ಅಮೋಘವರ್ಷನ ಹೆಸರೂ ಇದೆ; ಅದು ಶಕ 799ರದು. ‘ಕವಿರಾಜಮಾರ್ಗ’ ರೂಪುಗೊಂಡದ್ದು ಆ ನೃಪತುಂಗನ ಆಸ್ಥಾನದಲ್ಲಿಯೇ! ಹೊಟ್ಟೆಪಾಡಿಗಾಗಿ ನಿನ್ನೆ ಮೊನ್ನೆ ಬಂದವರು ನಾವೆಂದು ಹೇಳಿಕೊಳ್ಳುವ ನಮಗೆ, ಈ ನೆಲದೊಡನೆ ಹನ್ನೊಂದು ಶತಮಾನಗಳ ನಂಟಿದೆ.

ದೇಗುಲದ ಹೊರಗೋಡೆಗಳ ತುಂಬ ದೇವತೆಗಳ ಶಿಲ್ಪಗಳಿವೆ. ಹಲವು ಮಳೆಗಾಳಿಗೆ ಸವೆದಿವೆ. ನದಿಯೂ ಇಂದು ಕಾರ್ಖಾನೆಗಳ ಕೊಳೆಯಿಂದ ಮಲಿನವಾಗಿದೆ. ಆದರೂ ಮಹಾಶಿವರಾತ್ರಿಯಂದು ಇಲ್ಲಿ ಜನಸಾಗರವೇ ನೆರೆಯುತ್ತದೆ. ಗರ್ಭಗೃಹ ಮಂಟಪಕ್ಕಿಂತ ಕೆಳಗಿದೆ. ಮೆಟ್ಟಿಲಿಳಿದು ಲಿಂಗದ ಮುಂದೆ ನಿಂತು ತಲೆಯೆತ್ತಿದರೆ, ಪೂರ್ಣ ಶಿಖರವಿಲ್ಲದ ಆ ಗುಡಿಗೆ ಅಂಬರವೇ ಚಾವಣಿ.