ಒಂದು ಹಗಲಿನ ಅತಿಥಿಗೆ

 

ಸ್ಪೇನಿನ ಸೆವಿಲ್ ನಗರದಿಂದ ನೀನು ಬರೆದ ಕಾಗದ ತಲಪಿತು. ವ್ಯಾಸಂಗದ ನಡುವೆ ದೊರೆತ ರಜೆಯಲ್ಲಿ ದಕ್ಷಿಣ ತುದಿಯ ತಾರೀಫಾ ಬಂದರಿಗೆ ಹೋಗಿ, ಅಲ್ಲಿಂದ ಬೆಳಗಿನ ಫೆರಿ ಹತ್ತಿ, ಮೊರಾಕ್ಕೊ ದೇಶದ ತಾಂಜಿಯರ್ ಪಟ್ಟಣವನ್ನು ಗೈಡಿನೊಡನೆ ಸುತ್ತಿ ಸಂಜೆಗೆ ಮರಳಬೇಕೆಂದು ನಿನಗೆ ಆಸೆಯಾಗಿದೆ. ಆದರೆ ಇಪ್ಪತ್ತು ಮೂವತ್ತು ಜನರ ಗುಂಪಿನಲ್ಲಿ ಒಬ್ಬಳಾಗಿ ಒಬ್ಬನ ಬೆನ್ನ ಹಿಂದೆ ನಡೆಯುವುದನ್ನು ನಿನ್ನ ಸಹಪಾಠಿಗಳು ಪರಿಹಾಸ್ಯ ಮಾಡುತ್ತಾರೆಂದೂ, ಒಂದು ಹಗಲಿನಲ್ಲಿ ಕಂಡದ್ದು ಕಂಡದ್ದೇ ಅಲ್ಲವೆಂದು ವಾದಿಸುತ್ತಾರೆಂದೂ, ಹೋಗಲೋ ಬಿಡಲೋ ತಿಳಿಯದೆಂದೂ ಬರೆದಿದ್ದೀಯೆ. ಇದೇ ಸಂದೇಹವುಳ್ಳ ತರುಣ ತರುಣಿಯರು ಈಚೆಗೆ ನಮ್ಮಲ್ಲಿ ಬಹುಮಂದಿ ಇರುವುದರಿಂದ ಉತ್ತರವನ್ನು ಪತ್ರಿಕೆಯ ಮೂಲಕವೇ ಬರೆಯುತ್ತಿದ್ದೇನೆ. ನಿನ್ನ ಗುಟ್ಟು ಬಯಲಾಯಿತೆಂದು ಕೋಪಿಸಬೇಡ. ಹೋಗು ಎಂಬುದೇ ನನ್ನ ಅಭಿಪ್ರಾಯ. ಹೋಗುವ ಬಗೆಯನ್ನು ಕುರಿತು ಮಾತ್ರ ಸ್ವಲ್ಪ ಹೇಳತಕ್ಕದ್ದಿದೆ.

ಮೊದಲು ರಹದಾರಿಯ ವಿಷಯ. ಪ್ರವಾಸದ ಕರಪತ್ರದಲ್ಲಿ ಪಾಸ್‌ಪೋರ್ಟ್ ಒಂದಿದ್ದರೆ ಸಾಕೆಂದು ಬರೆದಿದ್ದರೆ, ಅದು ಯುರೋಪಿನವರನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆದದ್ದೆಂದು ತಿಳಿ. ಭಾರತೀಯರಿಗೆ ಮೊರಾಕ್ಕೊ ಹೊಗಲು ವೀಸಾ ಬೇಕು. ಯುರೋಪಿನ ಹಲವು ದೇಶಗಳಿಗೆ ಸಲ್ಲುವ ಷೆಂಗೆನ್ ವೀಸಾವನ್ನಾಗಲಿ ನಿವಾಸಪತ್ರವನ್ನಾಗಲಿ ಪಡೆದಿರುವ ನಮ್ಮವರು ಅದಕ್ಕೆ 2022ರಿಂದೀಚೆಗೆ ಅಂತರ್ಜಾಲದ ಮೂಲಕವೇ ಅರ್ಜಿ ಹಾಕಿಕೊಳ್ಳಲು ಅವಕಾಶವಾಗಿದೆ. ಆದರೂ ಹಿಂದಿನ ಸಂಜೆ ಅರ್ಜಿ ಹಾಕಿ ಮರುದಿನ ಬೆಳಗ್ಗೆ ಬಂದರಿನಲ್ಲಿ ನಿಲ್ಲುವ ಸಾಹಸ ಬೇಡ. ಇದಕ್ಕಿಂತಲೂ ಮುಖ್ಯವಾದುದು ಹಿಂದಿರುಗುವ ದಾರಿ. ತಾರೀಫಾದ ಕಟ್ಟೆಯಿಂದ ಹಡಗು ಬಿಟ್ಟಿತೆಂದರೆ ನೀನು ಸ್ಪೇನನ್ನು ಮಾತ್ರವಲ್ಲ, ಷೆಂಗೆನ್ ವಲಯವನ್ನೇ ಬಿಟ್ಟಂತಾಯಿತು. ನಿನ್ನ ಬಳಿ ವಿದ್ಯಾರ್ಥಿಯ ನಿವಾಸಪತ್ರವಿರುವುದರಿಂದ ನಿನಗೆ ತೊಡಕಿಲ್ಲ, ಅದನ್ನು ಕೋಣೆಯಲ್ಲಿ ಮರೆಯದೆ ಕೈಚೀಲದಲ್ಲಿಟ್ಟುಕೊಂಡರೆ ಸಾಕು. ಆದರೆ ಬೆಂಗಳೂರಿನಿಂದ ನಿನ್ನನ್ನು ನೋಡಲು ಬರುವ ಗೆಳತಿಯರು ಒಂದೇ ಪ್ರವೇಶದ ವೀಸಾ ಹಿಡಿದು ಬಂದಿದ್ದರೆ, ಆಚೆಗೆ ಹೋಗುವವರೆಗೆ ಯಾರೂ ಏನೂ ಅನ್ನದೆ, ಸಂಜೆ ಮರಳುವಾಗ ಅವರ ಪ್ರವಾಸ ಅಲ್ಲಿಗೆ ಮುಗಿಯಿತೆಂದು ಹೇಳಿಸಿಕೊಳ್ಳಬೇಕಾಗುತ್ತದೆ. ಅವರಿಗೆ ಇದನ್ನು ಈಗಲೇ ಬರೆ.

ಗಡಿಯಾರದ ಮಾತನ್ನೂ ಇಲ್ಲಿಯೇ ಹೇಳಿಬಿಡುತ್ತೇನೆ. ಮೊರಾಕ್ಕೊ 2018ರಿಂದ ರಂಜಾನ್ ತಿಂಗಳೊಂದನ್ನು ಬಿಟ್ಟು ವರ್ಷವಿಡೀ ಒಂದೇ ಕಾಲಮಾನವನ್ನು ಇಟ್ಟುಕೊಂಡಿದೆ. ಸ್ಪೇನು ಬೇಸಗೆಯಲ್ಲಿ ಮುಳ್ಳನ್ನು ಮುಂದಕ್ಕೆ ತಳ್ಳುತ್ತದೆ. ಆದ್ದರಿಂದ ಚಳಿಗಾಲದಲ್ಲಿ ಎರಡು ದಡಗಳಿಗೂ ಒಂದೇ ಗಂಟೆ, ಬೇಸಗೆಯಲ್ಲಿ ಒಂದು ಗಂಟೆಯ ಅಂತರ. ಮರುಪ್ರಯಾಣದ ಹಡಗಿನ ವೇಳೆ ಯಾವ ದೇಶದ ಗಡಿಯಾರದ್ದೆಂದು ಕೇಳಿಕೊಳ್ಳದೆ ಗುಂಪಿನಿಂದ ಅಗಲಬೇಡ.

ಜಿಬ್ರಾಲ್ಟರ್ ಜಲಸಂಧಿ ಅತ್ಯಂತ ಕಿರಿದಾದ ಎಡೆಯಲ್ಲಿ ಸುಮಾರು 14 ಕಿಲೋಮೀಟರ್ ಅಗಲ. ತಾರೀಫಾದಿಂದ ತಾಂಜಿಯರಿಗೆ ಹಡಗಿನ ಹಾದಿ ಇದಕ್ಕಿಂತ ಓರೆಯಾಗಿ ಹೋಗುವುದರಿಂದ ಹೆಚ್ಚುಕಡಿಮೆ ಒಂದು ಗಂಟೆಯಾಗುತ್ತದೆ. ಈ ಒಂದು ಗಂಟೆಯನ್ನು ಪ್ರಯಾಣಿಕರಲ್ಲಿ ಬಹುಪಾಲು ಜನ ಮೊರಾಕ್ಕೊದ ಅಧಿಕಾರಿ ಹಡಗಿನಲ್ಲಿಯೇ ಮೇಜು ಹಾಕಿಕೊಂಡು ಮುದ್ರೆಯೊತ್ತುವ ಸಾಲಿನಲ್ಲಿ ನಿಂತು ಕಳೆಯುವರು. ನೀನು ಹತ್ತಿದೊಡನೆಯೇ ಆ ಸಾಲಿಗೆ ಹೋಗಿ ಕೆಲಸ ತೀರಿಸಿಕೊಂಡು ಮೇಲಂತಸ್ತಿಗೆ ಬಾ. ಮೆಡಿಟರೇನಿಯನ್ ಸಮುದ್ರದಿಂದ ಬಿಸಿಲಿಗೆ ಆವಿಯಾಗಿ ಹೋಗುವ ನೀರು ಮಳೆಯೂ ನದಿಗಳೂ ಅದಕ್ಕೆ ತಂದು ಸುರಿಯುವ ನೀರಿಗಿಂತ ಅಧಿಕವಾದ್ದರಿಂದ, ಆ ಕೊರತೆಯನ್ನು ತುಂಬಲು ಅಟ್ಲಾಂಟಿಕ್ ಸಾಗರವು ಈ ಸಂದಿಯ ಮೂಲಕ ಅಹರ್ನಿಶಿ ಒಳಕ್ಕೆ ಹರಿಯುತ್ತಿರುತ್ತದೆ. ಅದೇ ವೇಳೆಯಲ್ಲಿ ಕೆಳಗಿನ ಆಳದಲ್ಲಿ, ಉಪ್ಪಿನಂಶ ಹೆಚ್ಚಿ ಭಾರವಾದ ಒಳಗಡಲಿನ ನೀರು ಎದುರುದಿಕ್ಕಿಗೆ, ಹೊರಸಾಗರದ ಕಡೆಗೆ ಸಾಗುತ್ತಿರುತ್ತದೆ. ಕಣ್ಣಿಗೆ ಕಾಣುವುದು ಮೇಲಿನ ಒಂದು ಪ್ರವಾಹ ಮಾತ್ರ. ಎಡಗಡೆ, ಮಂಜಿಲ್ಲದ ದಿನ, ಜಬಲ್ ಮೂಸಾ ಪರ್ವತ ತಲೆಯೆತ್ತಿ ನಿಂತಿರುತ್ತದೆ. 711ರಲ್ಲಿ ತಾರಿಕ್ ಇಬ್ನ್ ಜಿಯಾದನ ಸೇನೆ ಈ ನೀರನ್ನು ದಾಟಿ ಹೋಗಿ ಇಳಿದ ಬಂಡೆಗೆ ಅವನ ಹೆಸರೇ ನಿಂತು ಜಿಬ್ರಾಲ್ಟರ್ ಆಗಿದೆ.

ತಾಂಜಿಯರಿನ ಚರಿತ್ರೆಯಲ್ಲಿ ನಮ್ಮವರ ಗಮನಕ್ಕೆ ಬರಬೇಕಾದ ಒಂದು ಸಂಗತಿಯಿದೆ. 1661ರಲ್ಲಿ ಪೋರ್ಚುಗಲ್ಲಿನ ರಾಜಕುಮಾರಿ ಕ್ಯಾಥರೀನಳನ್ನು ಇಂಗ್ಲೆಂಡಿನ ಎರಡನೆಯ ಚಾರ್ಲ್ಸನಿಗೆ ಕೊಡುವ ಒಪ್ಪಂದವಾದಾಗ ವರದಕ್ಷಿಣೆಯಲ್ಲಿ ಸೇರಿದ ಎರಡು ಊರುಗಳು ಮುಂಬಯಿ ಮತ್ತು ತಾಂಜಿಯರ್. ಆಗಿನ ಇಂಗ್ಲಿಷರ ಎಣಿಕೆಯಲ್ಲಿ ಬೆಲೆಯುಳ್ಳದ್ದು ತಾಂಜಿಯರೇ. ಮುಂಬಯಿಯನ್ನು ಅರಸನು 1668ರಲ್ಲಿ ವರ್ಷಕ್ಕೆ ಹತ್ತು ಪೌಂಡು ಗೇಣಿಗೆ ಈಸ್ಟ್ ಇಂಡಿಯಾ ಕಂಪೆನಿಯವರ ಕೈಗೆ ಕೊಟ್ಟು ನಿಶ್ಚಿಂತನಾದನು. ಇಂಗ್ಲಿಷರು ತಾಂಜಿಯರನ್ನು ಕಾಯಲು ಹೊನ್ನು ಸುರಿದು, ಸಮುದ್ರದೊಳಕ್ಕೆ ಬಹುದೂರ ಅಲೆತಡೆಯನ್ನು ಕಟ್ಟಿ, ಕಡೆಗೆ ತಾಳಲಾರದೆ 1684ರಲ್ಲಿ ಆ ಅಲೆತಡೆಯನ್ನು ತಮ್ಮ ಮದ್ದಿನಿಂದಲೇ ಸಿಡಿಸಿ ಬಿಟ್ಟುಹೋದರು. ಅಲಕ್ಷ್ಯಕ್ಕೆ ಗುರಿಯಾದ ಮುಂಬಯಿಯೋ ಮುಂದೆ ಮಹಾನಗರವಾಗಿ, ನಮ್ಮ ಕರಾವಳಿಯ ಎಷ್ಟೋ ಮನೆಗಳ ಹುಡುಗರು ಹೋಟೆಲು ಕೆಲಸವನ್ನರಸಿ ಹೋಗುವ ಊರಾಯಿತು. 1923ರ ಒಪ್ಪಂದದ ಮೇಲೆ ತಾಂಜಿಯರ್ ಹಲವು ರಾಷ್ಟ್ರಗಳ ಜಂಟಿ ಆಡಳಿತಕ್ಕೆ ಒಳಪಟ್ಟ ಅಂತರರಾಷ್ಟ್ರೀಯ ವಲಯವಾಗಿ, 1956ರಲ್ಲಿ ಸ್ವತಂತ್ರ ಮೊರಾಕ್ಕೊವನ್ನು ಸೇರಿತು. ನಿನ್ನ ಗೈಡು ಬಹುಶಃ ನಿಲ್ಲಿಸಿ ತೋರಿಸುವ ದೊಡ್ಡ ಚೌಕಕ್ಕೆ 1947ರ ಏಪ್ರಿಲ್ 9ರ ಹೆಸರಿದೆ. ಅಂದು ಸುಲ್ತಾನ ಐದನೆಯ ಮೊಹಮ್ಮದ್ ತಾಂಜಿಯರಿನಲ್ಲಿ ಮಾಡಿದ ಭಾಷಣದಲ್ಲಿ ಸ್ವಾತಂತ್ರ್ಯದ ಧ್ವನಿ ಕೇಳಿತು.

ಇನ್ನು ಗೈಡಿನ ಹಿಂದೆ ನಡೆಯುವ ಮಾತು. ಪರಿಹಾಸ್ಯ ಮಾಡುವ ನಿನ್ನ ಗೆಳೆಯರು ತಾವಾಗಿಯೇ ಅಲೆದು ಕಂಡುಕೊಳ್ಳುವೆವೆಂಬ ಅಭಿಮಾನವುಳ್ಳವರು. ಅದು ಒಂದು ವಾರ ಕೈಯಲ್ಲಿದ್ದವರಿಗೆ ಒಪ್ಪುವ ಅಭಿಮಾನ. ಆರೇಳು ಗಂಟೆ ಮಾತ್ರ ಇರುವವರು, ಒಂದರೊಳಗೊಂದು ಹೊಕ್ಕು ಹೊರಬೀಳುವ ಮದೀನಾ ಎಂಬ ಹಳೆಯ ಪೇಟೆಯ ಓಣಿಗಳಲ್ಲಿ, ಮೊದಲ ತಿರುವಿನಲ್ಲಿಯೇ ನಾಲ್ಕು ಮಂದಿ ಪರವಾನಗಿಯಿಲ್ಲದ ದಾರಿತೋರುಕರ ಕೈಗೆ ಸಿಕ್ಕಿ, ಅವರೊಡನೆ ಚೌಕಾಸಿ ಮಾಡುವುದರಲ್ಲಿ ಮಧ್ಯಾಹ್ನ ಕಳೆಯುವುದಕ್ಕಿಂತ, ಸರ್ಕಾರದ ಗುರುತುಬಿಲ್ಲೆ ಧರಿಸಿದ ಒಬ್ಬನಿಗೆ ಮೊದಲೇ ಹಣ ಕೊಟ್ಟು ಅವನ ಹಿಂದೆ ಹೋಗುವುದೇ ವಿವೇಕ.

ಆದರೆ ಆ ದಿನದ ಕಾರ್ಯಕ್ರಮ ಹೇಗೆ ಹೆಣೆದುಕೊಂಡಿದೆಯೆಂಬುದು ನಿನಗೆ ಗೊತ್ತಿರಲಿ. ಬಸ್ಸಿನಲ್ಲಿ ಊರ ಸುತ್ತು; ಅಟ್ಲಾಂಟಿಕ್ ಕಡೆಯ ಸ್ಪಾರ್ಟೆಲ್ ಭೂಶಿರ, ಅಲ್ಲಿ 1864ರ ದೀಪಸ್ತಂಭ; ಹಾದಿಯಲ್ಲಿ ಒಂಟೆಯ ಮೇಲೆ ಕೆಲವು ನಿಮಿಷದ ಸವಾರಿ; ಬಳಿಕ ಕಸ್ಬಾ ಎಂಬ ಮೇಲ್ಕೋಟೆ, ಊಟ, ಮದೀನಾ, ಅಂಗಡಿ. ಒಂಟೆಯ ವಿಷಯದಲ್ಲಿ ನನಗೆ ಕಿಂಚಿತ್ ತಕರಾರಿದೆ. ತಾಂಜಿಯರ್ ಹಸುರು ಗುಡ್ಡಗಳ, ಮಳೆ ಬೀಳುವ ಕಡಲೂರು. ಮರುಭೂಮಿ ಅಲ್ಲಿಗೆ ಬಹುದೂರ. ಆ ಒಂಟೆ ನಿಂತಿರುವುದು ನಿನಗಾಗಿ, ಆಫ್ರಿಕವೆಂದರೆ ಒಂಟೆಯೆಂದು ನಂಬಿ ಬಂದವರಿಗಾಗಿ. ಹತ್ತುವುದಾದರೆ ಹತ್ತು, ಪಾಪವೇನಿಲ್ಲ; ಅದನ್ನು ಮೊರಾಕ್ಕೊ ಎಂದು ಮಾತ್ರ ಬರೆದುಕೊಳ್ಳಬೇಡ. ಊಟಕ್ಕೆ ತರಕಾರಿಯ ಕುಸ್ಕುಸ್ ಬರುತ್ತದೆ. ಮೇಲೆ ಸಾಲಾಗಿ ಕುಂಬಳ, ಗಜ್ಜರಿ, ಕೋಸು ಇಟ್ಟಿದ್ದರೂ ಬೇಯಿಸಿದ್ದು ಮಾಂಸದ ಸಾರಿನಲ್ಲಾಗಿರಬಹುದು. ನಿನ್ನ ದೊಡ್ಡಮ್ಮ ಈ ಒಂದು ಮಾತನ್ನು ಬರೆಯದೆ ಕಾಗದ ಮುಗಿಸಕೂಡದೆಂದು ಆಜ್ಞಾಪಿಸಿದ್ದಾಳೆ. ಸ್ಥಳ ಕಾದಿರಿಸುವಾಗಲೇ ಹೇಳಿಬಿಡು.

ಅಂಗಡಿಯೆಂದರೆ ಜಮಖಾನೆಯ ಅಂಗಡಿ, ಇಲ್ಲವೆ ಗಿಡಮೂಲಿಕೆಯ ಅಂಗಡಿ. ಕೂರಿಸಿ ಪುದೀನಾ ಚಹಾ ಕೊಟ್ಟು, ಒಂದರ ಮೇಲೊಂದು ಜಮಖಾನೆ ಬಿಡಿಸಿ ಹಾಸುವರು. ನೀನು ಕೊಂಡರೆ ಗೈಡಿಗೆ ಅದರಲ್ಲಿ ಪಾಲುಂಟು. ಇದನ್ನು ಮೋಸವೆಂದು ಕೆಲವರು ಕೂಗಾಡುವುದನ್ನು ಕೇಳಿದ್ದೇನೆ. ನನಗೆ ಹಾಗೆ ತೋರುವುದಿಲ್ಲ. ಹಡಗು, ಬಸ್ಸು, ಊಟ, ಗೈಡು ಎಲ್ಲ ಸೇರಿ ಅಷ್ಟು ಅಗ್ಗವಾಗಿ ದೊರೆಯಬೇಕಾದರೆ ಉಳಿದ ವೆಚ್ಚವನ್ನು ಎಲ್ಲಿಂದಲಾದರೂ ತುಂಬಲೇಬೇಕು. ಅದನ್ನು ಮೋಸವೆನ್ನುವುದು ಮದುವೆಯ ಊಟಕ್ಕೆ ಕುಳಿತವನು ಮುಯ್ಯಿಯ ಲಕೋಟೆಯನ್ನು ಕಂಡು ಬೆಚ್ಚಿದ ಹಾಗೆ. ಚಹಾ ಕುಡಿ, ನೇಯ್ಗೆಯನ್ನು ಮನಸಾರೆ ನೋಡು, ಮೆಚ್ಚಿಗೆಯಾಗಿ ಹಣವಿದ್ದರೆ ಕೊಳ್ಳು, ಇಲ್ಲವಾದರೆ ಒಂದು ಸಲ ಸ್ಪಷ್ಟವಾಗಿ ಬೇಡವೆಂದು ಹೇಳಿ ಸುಮ್ಮನಾಗು. ಬೆಲೆ ಕೇಳಿ, ಇಳಿಸಿ, ಮತ್ತೆ ಇಳಿಸಿ, ಕೊಡಲೊಪ್ಪಿದ ಮೇಲೆ ಬೇಡವೆನ್ನುವುದೇ ಅವಮರ್ಯಾದೆ. ಹೊರಡುವಾಗ ಗೈಡಿಗೆ ಕೈಯಾರೆ ಏನಾದರೂ ಕೊಡು.

ನೀನು ಇಷ್ಟನ್ನೇ ನೋಡಿ ಬಂದರೆ ನಿನ್ನ ಸಹಪಾಠಿಗಳು ಗೆದ್ದಂತೆ. ಹಾಗಾದರೆ ಆ ಹಗಲಿನಲ್ಲಿ ನೋಡತಕ್ಕದ್ದೇನು? ಈ ಪ್ರಶ್ನೆಗೆ ತಾಂಜಿಯರಿನವನೇ ಒಬ್ಬನು ಹಿಂದೆ ಉತ್ತರ ಕೊಟ್ಟು ಹೋಗಿದ್ದಾನೆ, ಅದೂ ನಮ್ಮ ನಾಡಿನಲ್ಲಿ ನಿಂತು. ಇಬ್ನ್ ಬತೂತ 1304ರಲ್ಲಿ ಹುಟ್ಟಿದ್ದು ಆ ಊರಿನಲ್ಲಿ. ಇಪ್ಪತ್ತೊಂದರ ಹರೆಯದಲ್ಲಿ, 1325ರಲ್ಲಿ, ಮೆಕ್ಕಾ ಯಾತ್ರೆಗೆಂದು ಮನೆ ಬಿಟ್ಟವನು ದೆಹಲಿಯ ಮುಹಮ್ಮದ್ ಬಿನ್ ತುಘಲಕನ ಓಲಗದವರೆಗೂ ಬಂದನು. ತುಘಲಕನ ರಾಯಭಾರಿಯಾಗಿ ಚೀನಕ್ಕೆ ಹೊರಟು, 1342ರ ಸುಮಾರಿಗೆ ನಮ್ಮ ಪಡುವಣ ಕರಾವಳಿಯನ್ನು ಹಾದು ಹೋಗುವಾಗ ಹೊನ್ನಾವರ, ಬಾರಕೂರು, ಮಂಗಳೂರುಗಳನ್ನು ಕಂಡನು. ಹೊನ್ನಾವರವನ್ನು ಕುರಿತು ಅವನು ಬರೆಸಿಟ್ಟ ಸಂಗತಿ ಯಾವುದು ಬಲ್ಲೆಯಾ? ಅಲ್ಲಿಯ ಮುಸಲ್ಮಾನರಲ್ಲಿ ಹುಡುಗಿಯರಿಗಾಗಿ 13 ಶಾಲೆಗಳೂ ಹುಡುಗರಿಗಾಗಿ 23 ಶಾಲೆಗಳೂ ಇದ್ದವೆಂದು. ಇಂಥದನ್ನು ತಾನು ಬೇರೆಲ್ಲಿಯೂ ಕಾಣಲಿಲ್ಲವೆಂದು. ಹೆಂಗಸರು ಹೊಲಿದ ಬಟ್ಟೆ ತೊಡದೆ ಒಂದೇ ವಸ್ತ್ರದ ಒಂದು ಸೆರಗನ್ನು ಸೊಂಟಕ್ಕೆ ಸುತ್ತಿ ಇನ್ನೊಂದನ್ನು ತಲೆಯ ಮೇಲೂ ಎದೆಯ ಮೇಲೂ ಹೊದೆಯುವುದನ್ನು ಅವನು ಗಮನಿಸಿದನು. ಬಳಿಕ ಅಲ್ಲಿಯ ಸುಲ್ತಾನನ ಅತಿಥಿಯಾಗಿ ನಿಂತು, ಅನ್ನ, ತುಪ್ಪ, ಹಸಿಶುಂಠಿ ನಿಂಬೆ ಮಾವುಗಳ ಉಪ್ಪಿನಕಾಯಿ, ಕೊನೆಯಲ್ಲಿ ಮೊಸರು, ಹೀಗೆ ಬಡಿಸಿದ ಕ್ರಮವನ್ನು ಬರೆಸಿಟ್ಟು, ರೊಟ್ಟಿಯ ಮುಖ ಕಾಣದೆ ತಿಂಗಳುಗಳು ಕಳೆದುವೆಂದು ಹೇಳಿಕೊಂಡನು. ಊರಿನವರು ಅತಿಥಿಗೆಂದು ಮೆರೆಸಿದ್ದಷ್ಟಕ್ಕೇ ಅವನ ಕಣ್ಣು ನಿಲ್ಲಲಿಲ್ಲ. ತಮ್ಮ ಮಕ್ಕಳಿಗೆಂದು, ತಮ್ಮ ಹೊಟ್ಟೆಗೆಂದು ಅವರು ದಿನವೂ ಮಾಡಿಕೊಳ್ಳುವುದರ ಮೇಲೆ ಅದು ಹೋಯಿತು.

ಅವನದೆಂದು ಹೇಳುವ ಒಂದು ಪುಟ್ಟ ಗೋರಿ ಮದೀನಾದ ಓಣಿಯಲ್ಲಿದೆ. ಗೈಡು ಆ ಕಡೆ ಹೋಗದಿದ್ದರೆ ಕೇಳು, ಬಹಳ ದೂರವೇನಲ್ಲ. ಅವನ ಕಣ್ಣನ್ನು ಒಂದು ಹಗಲಿನ ಮಟ್ಟಿಗೆ ಎರವಲು ಪಡೆದು ಅವನ ಊರಿನಲ್ಲೇ ನಡೆದು ನೋಡು. ಮನೆಯಲ್ಲಿ ನಾದಿದ ಹಿಟ್ಟನ್ನು ಹಲಗೆಯ ಮೇಲೆ ಬಟ್ಟೆ ಮುಚ್ಚಿ ಮಕ್ಕಳು ಕೇರಿಯ ಒಲೆಮನೆಗೆ ಹೊತ್ತೊಯ್ಯುತ್ತಾರೆ. ಹಲವು ಮನೆಗಳ ರೊಟ್ಟಿ ಒಂದೇ ಒಲೆಯಲ್ಲಿ ಬೇಯುತ್ತದೆ, ಯಾರದು ಯಾರದೆಂಬುದು ಒಲೆಯವನಿಗೆ ಗೊತ್ತು. ಸುತ್ತಲಿನ ಗುಡ್ಡಗಳಿಂದ ಇಳಿದು ಬರುವ ಜಬಾಲಾ ಹೆಂಗಸರು, ಉಣ್ಣೆಯ ಕುಚ್ಚುಗಳುಳ್ಳ ಅಗಲ ಹುಲ್ಲುಟೋಪಿ ಹಾಕಿ, ಕೆಂಪು ಬಿಳಿ ಪಟ್ಟೆಯ ವಸ್ತ್ರ ಸುತ್ತಿ, ಸೊಪ್ಪನ್ನೂ ಹಸಿಗಿಣ್ಣನ್ನೂ ಹರವಿಕೊಂಡು ಕುಳಿತಿರುತ್ತಾರೆ. ಕೇಳದೆ ಅವರ ಚಿತ್ರ ತೆಗೆಯಬೇಡ. ಒಂದು ಕಟ್ಟು ಪುದೀನಾ ಕೊಂಡು ಮಾತನಾಡಿಸು, ನಿನ್ನ ಸ್ಪ್ಯಾನಿಷ್ ಭಾಷೆ ಆ ಊರಿನಲ್ಲಿ ಬಹುಮಟ್ಟಿಗೆ ನಡೆಯುತ್ತದೆ. ಮಸೀದಿಗಳಿಗೆ ಅನ್ಯಮತೀಯರಿಗೆ ಸಾಮಾನ್ಯವಾಗಿ ಪ್ರವೇಶವಿಲ್ಲ, ಬಾಗಿಲಲ್ಲಿ ಇಣುಕಿ ನಿಲ್ಲಬೇಡ. ಶುಕ್ರವಾರ ಮಧ್ಯಾಹ್ನ ಪ್ರಾರ್ಥನೆಯ ವೇಳೆ ಎಷ್ಟೋ ಅಂಗಡಿಗಳು ಮುಚ್ಚಿರುತ್ತವೆ. ಬೇರೆ ದಿನ ಆರಿಸಿಕೊಂಡರೆ ಒಳಿತು. ಗೈಡಿನೊಡನೆ ಬಸ್ಸಿನಲ್ಲಿ ಪಕ್ಕದ ಆಸನ ಸಿಕ್ಕಿದರೆ, ಅರಮನೆಯ ಇಸವಿಯನ್ನು ಬಿಟ್ಟು, ಅವನು ಓದಿದ ಶಾಲೆ ಎಲ್ಲಿದೆ, ಅವನ ಮಕ್ಕಳು ಈಗ ಏನು ಓದುತ್ತಾರೆ ಎಂದು ಕೇಳು. ದಿನವೂ ಒಂದೇ ಪಾಠ ಒಪ್ಪಿಸುವ ಮನುಷ್ಯನ ಮುಖ ಆಗ ಬೇರೆಯಾಗುವುದನ್ನು ಕಾಣುವೆ.

ಸಂಜೆ ಮರಳುವಾಗ ಬಂದರಿನ ಬಳಿ, ಬೇಲಿಯ ಹೊರಗೆ, ಹೇಗಾದರೂ ಆಚೆ ದಾಟಬೇಕೆಂದು ಹಡಗನ್ನೇ ನೋಡುತ್ತ ಕುಳಿತ ಹುಡುಗರು ಕಂಡರೆ ಅಚ್ಚರಿಪಡಬೇಡ. 1991ರಲ್ಲಿ ಸ್ಪೇನು ಮೊರಾಕ್ಕೊದವರಿಗೆ ವೀಸಾ ಕಡ್ಡಾಯ ಮಾಡಿತು. ಅದಕ್ಕೂ ಮೊದಲೇ, 1988ರ ನವೆಂಬರಿನಲ್ಲಿ, ಸಣ್ಣ ದೋಣಿಯಲ್ಲಿ ಕದ್ದು ದಾಟಲು ಹೊರಟವರ ಹೆಣಗಳು ತಾರೀಫಾದ ಮರಳಿನ ಮೇಲೆ ಬಂದು ಬಿದ್ದಿದ್ದುವು. ಅಂದಿನಿಂದ ಇಂದಿನವರೆಗೆ ಈ ನೀರಿನಲ್ಲಿ ಮುಳುಗಿದವರು ಅಸಂಖ್ಯ. ತಾರೀಫಾದ ಸ್ಮಶಾನದಲ್ಲಿ ಹೆಸರು ತಿಳಿಯದವರ ಗೋರಿಗಳಿವೆ. ನೀನು ಒಂದು ಗಂಟೆಯಲ್ಲಿ ಕಾಫಿ ಕುಡಿಯುತ್ತ ದಾಟುವ ಹಾದಿ ಅದೇ. ಇದನ್ನು ಹೇಳುವುದು ನಿನ್ನ ಸಂತೋಷ ಕೆಡಿಸಲಿಕ್ಕಲ್ಲ. ಆದರೆ ಹಡಗಿನಲ್ಲಿ ಯಾರಾದರೂ ಆ ಹುಡುಗರನ್ನು ಕಳ್ಳರೆಂದು ಕರೆದರೆ, ನೀನು ಅದಕ್ಕೆ ತಲೆಯಾಡಿಸದೆ ಇರಬೇಕು.

ಕಡೆಯದಾಗಿ ಗಾಳಿಯ ಮಾತು. ತಾರೀಫಾದಲ್ಲಿ ಲೆವಾಂತೆ ಎಂಬ ಮೂಡಣಗಾಳಿ ಬಲವಾಗಿ ಬೀಸಲಾರಂಭಿಸಿದರೆ ಫೆರಿಗಳು ನಿಂತುಹೋಗುವುದುಂಟು. ಅಂಥ ದಿನ ಹಟಹಿಡಿದು ಹತ್ತಿರದ ಅಲ್ಜೆಸೀರಾಸ್ ಬಂದರಿಗೆ ಓಡಿ ಅಲ್ಲಿಯ ಹಡಗು ಹತ್ತಬೇಡ. ಅದು ಮುಟ್ಟುವುದು ತಾಂಜಿಯರ್ ಮೆಡ್ ಎಂಬ 2007ರ ಹೊಸ ಬಂದರನ್ನು, ಊರಿನಿಂದ ಸುಮಾರು 40 ಕಿಲೋಮೀಟರ್ ಆಚೆಗೆ, ನಿನ್ನ ಅರ್ಧ ಹಗಲು ಹೆದ್ದಾರಿಯಲ್ಲೇ ಕಳೆಯುತ್ತದೆ. ತಾರೀಫಾದಲ್ಲೇ ಒಂದು ರಾತ್ರಿ ಉಳಿದು, ಮರುದಿನದ ಹಡಗಿಗೆ ಟಿಕೆಟ್ಟು ಬದಲಾಯಿಸಿಕೊಡುವಂತೆ ಕೇಳು. ಒಪ್ಪದಿದ್ದರೆ ಹಣ ಹಿಂದಕ್ಕೆ ಕೇಳು, ಸಂಕೋಚಪಡಬೇಡ. ಹೋಗಿಬಂದ ಕೂಡಲೆ ವಿವರವಾಗಿ ಬರೆ. ಒಲೆಮನೆಯವನು ರೊಟ್ಟಿಗಳನ್ನು ಹೇಗೆ ಗುರುತು ಹಿಡಿಯುತ್ತಾನೆಂಬುದನ್ನು ವಿಚಾರಿಸಿಕೊಂಡು ಬರಲು ಮರೆಯಬೇಡ. ನಿನ್ನ ದೊಡ್ಡಮ್ಮನಿಗೆ ಅದು ತಿಳಿಯಬೇಕಂತೆ.

ಇತಿ ಆಶೀರ್ವಾದಗಳು,
ನಿನ್ನ ದೊಡ್ಡಪ್ಪ