ಜಾವಾ ದ್ವೀಪದ ಹಳ್ಳಿಯೂ ಅಲ್ಲಿಯ ಕೊಯ್ಲಿನ ಪಾಲೂ



ಬೆಳೆ ಹೆಚ್ಚಿದರೆ ಊರಿನವರೆಲ್ಲರ ಹೊಟ್ಟೆ ತುಂಬುವದೆಂದು ನಾವು ಸಾಮಾನ್ಯವಾಗಿ ಎಣಿಸುತ್ತೇವೆ. ಈ ಎಣಿಕೆ ಎಷ್ಟರ ಮಟ್ಟಿಗೆ ಸತ್ಯವೆಂಬದನ್ನು ಶೋಧಿಸುವದಕ್ಕೆ ಇಂಡೋನೇಷ್ಯಾ ದೇಶದ ಜಾವಾ ದ್ವೀಪದ ಹಳ್ಳಿಗಳಲ್ಲಿ ನಡೆದ ಒಂದು ಸಂಗತಿ ಬಹಳ ತಕ್ಕದ್ದಾಗಿದೆ. ಅಲ್ಲಿಯ ಜನರು ನಮ್ಮಂತೆಯೇ ಕೆಸರು ತುಳಿದು ಅನ್ನ ಉಣ್ಣುವವರು. ಆದಕಾರಣ ಅವರ ಸ್ಥಿತಿಯನ್ನು ಈ ಪಾಠದಲ್ಲಿ ಕ್ರಮವಾಗಿ ವಿಚಾರಿಸೋಣ.

1. ಭೂಮಿಯೂ ಜನರೂ

ಜಾವಾ ದ್ವೀಪವು ಪೂರ್ವಪಶ್ಚಿಮವಾಗಿ ಉದ್ದಕ್ಕೆ ಚಾಚಿರುವದು. ಅದರ ವಿಸ್ತಾರ ಸುಮಾರು 1,29,000 ಚದರ ಕಿಲೋಮೀಟರು. ಅದರ ಬೆನ್ನೆಲುಬಿನಂತೆ ಮೆರಾಪಿ ಮೊದಲಾದ ಅಗ್ನಿಪರ್ವತಗಳ ಸಾಲು ನಿಂತಿದೆ. ಈ ಪರ್ವತಗಳು ಕಾರಿದ ಬೂದಿಯಿಂದ ಮಣ್ಣು ಫಲವತ್ತಾಗಿದೆ. ಕಾರ್ತಿಕದಿಂದ ಚೈತ್ರದ ವರೆಗೆ ಮಳೆಗಾಲವು ನಡೆಯುತ್ತದೆ. ನೀರಾವರಿ ಇರುವ ಕಡೆಯಲ್ಲಿ ವರುಷಕ್ಕೆ ಎರಡು ಬೆಳೆ, ಕೆಲವು ಕಡೆ ಮೂರು ಬೆಳೆಯೂ ಉಂಟು.

ಇಷ್ಟು ಒಳ್ಳೇ ಭೂಮಿಯಿದ್ದರೂ ಜನರ ಕೈಯಲ್ಲಿರುವ ಗದ್ದೆ ಬಹಳ ಚಿಕ್ಕದು. 2020ರ ಜನಗಣತಿಯ ಪ್ರಕಾರ ಆ ದ್ವೀಪದಲ್ಲಿ 15 ಕೋಟಿಗೂ ಹೆಚ್ಚು ಜನರಿದ್ದರು; ಅಂದರೆ ಇಡೀ ಇಂಡೋನೇಷ್ಯಾದ ಜನರಲ್ಲಿ ಅರ್ಧಕ್ಕಿಂತ ಹೆಚ್ಚು. ಗದ್ದೆಯು ಗಂಡುಮಕ್ಕಳಿಗೂ ಹೆಣ್ಣುಮಕ್ಕಳಿಗೂ ಪಾಲಾಗುತ್ತಾ ತಲೆಮಾರಿನಿಂದ ತಲೆಮಾರಿಗೆ ಕಿರಿದಾಗುತ್ತದೆ. ಅಲ್ಲಿಯ ಬೇಸಾಯದ ಕುಟುಂಬಗಳಲ್ಲಿ ಬಹುತರದವುಗಳಿಗೆ ಅರ್ಧ ಹೆಕ್ಟೇರು, ಎಂದರೆ ನಮ್ಮ ಲೆಕ್ಕದಲ್ಲಿ ಸುಮಾರು 1 ಎಕರೆ 10 ಗುಂಟೆಯೂ ಪೂರಾ ಇಲ್ಲ. ಏನೂ ಭೂಮಿಯಿಲ್ಲದ ಕೂಲಿಯವರು ಪ್ರತಿ ಹಳ್ಳಿಯಲ್ಲಿ ಅನೇಕರು.

ಇದಕ್ಕೆ ಹಳೇ ಕಾರಣವೂ ಸೇರಿದೆ. ಡಚ್ಚರು ಆಳುತ್ತಿದ್ದಾಗ 1830ರಲ್ಲಿ ಹಳ್ಳಿಯ ಭೂಮಿಯ ಐದರಲ್ಲಿ ಒಂದು ಪಾಲಿನಲ್ಲಿ ಸರಕಾರಕ್ಕೋಸ್ಕರ ಕಬ್ಬು, ನೀಲಿ ಮುಂತಾದವುಗಳನ್ನು ಬೆಳೆಯಬೇಕೆಂದು ನಿಯಮ ಮಾಡಿದರು. ಕಬ್ಬಿಗೆ ಬೇಕಾದ ನೀರೂ ಮಣ್ಣೂ ಭತ್ತಕ್ಕೆ ಬೇಕಾದವುಗಳೇ. ಹೀಗೆ ಒಂದೇ ಗದ್ದೆಯು ಪರದೇಶದವರ ಸಕ್ಕರೆಯನ್ನೂ ಊರಿನವರ ಅನ್ನವನ್ನೂ ಕೊಡಬೇಕಾಯಿತು.

2. ಹಳ್ಳಿಯ ಕ್ರಮ

ಹಳ್ಳಿಗೆ ಅವರು ‘ದೇಸ’ ಎನ್ನುತ್ತಾರೆ. ಇದು ನಮ್ಮ ‘ದೇಶ’ವೆಂಬ ಸಂಸ್ಕೃತ ಶಬ್ದವೇ, ಅಲ್ಲಿ ಊರೆಂಬ ಅರ್ಥದಲ್ಲಿ ನಿಂತಿತು. ನಾವು ಪೈರು, ಭತ್ತ, ಅಕ್ಕಿ, ಅನ್ನ ಎಂದು ಬೇರೆ ಬೇರೆ ಹೆಸರಿಟ್ಟ ಹಾಗೆ ಅವರೂ ಪಾದಿ, ಗಬಾ, ಬೆರಾಸ್, ನಾಸಿ ಎಂದು ನಾಲ್ಕು ಹೆಸರುಗಳಿಂದ ಕರೆಯುತ್ತಾರೆ. ಅನ್ನವೇ ಬದುಕಾಗಿರುವ ಜನರಿಗೆ ಒಂದು ಹೆಸರು ಸಾಲದು.

ಪೂರ್ವದಲ್ಲಿ ಮನೆಗಳಿಗೆ ಹೆಣೆದ ಬಿದಿರಿನ ಗೋಡೆಯಿತ್ತು. ಈಗ ಹೆಚ್ಚಾಗಿ ಇಟ್ಟಿಗೆಯ ಗೋಡೆಯೂ ಹಂಚಿನ ಮಾಡೂ ಉಂಟು. ಮನೆಯ ಸುತ್ತಲಿನ ಹಿತ್ತಿಲಲ್ಲಿ ತೆಂಗು, ಬಾಳೆ, ಹಲಸು, ಪಪ್ಪಾಯಿ, ಮರಗೆಣಸು ಒತ್ತಾಗಿ ಬೆಳೆಯುತ್ತವೆ. ಗದ್ದೆಯಿಲ್ಲದ ಬಡವನಿಗೆ ಅಕ್ಕಿ ಮುಗಿದ ತಿಂಗಳಲ್ಲಿ ಈ ಹಿತ್ತಿಲೇ ಆಧಾರ.

ಊರಿನ ಮುಖ್ಯಸ್ಥನನ್ನು ಜನರೇ ಆರಿಸುತ್ತಾರೆ. ರಾತ್ರಿಯಲ್ಲಿ ಗಂಡಸರು ಸರದಿಯಿಂದ ಕಾವಲು ತಿರುಗುವ ವಾಡಿಕೆಯಿದೆ. ಮನೆಯವರು ಬಾಗಲ ಹತ್ತಿರ ಚಿಕ್ಕ ಪಾತ್ರೆಯಲ್ಲಿ ಒಂದು ಚಿಟಿಕೆ ಅಕ್ಕಿ ಇಡುವರು. ಕಾವಲಿನವರು ಅದನ್ನು ಕೂಡಿಸಿ ಊರಿನ ಸಾಮಾನ್ಯ ಖರ್ಚಿಗೆ ಉಪಯೋಗಿಸುವರು. ಇದಕ್ಕೆ ‘ಜಿಂಪಿತಾನ್’ ಎಂದು ಹೆಸರು. ಈಗ ಅನೇಕ ಕಡೆ ಅಕ್ಕಿಯ ಬದಲು ನಾಣ್ಯ ಬಂದಿದೆ. ನಮ್ಮ ಸಭೆಗಳ ಸ್ತ್ರೀಯರು ಎತ್ತಿಡುವ ಹಿಡಿ ಅಕ್ಕಿಯನ್ನು ಬಲ್ಲವರಿಗೆ ಇದನ್ನು ಹೆಚ್ಚಾಗಿ ವಿವರಿಸುವದು ಅವಶ್ಯವಿಲ್ಲ.

3. ಹಳೇ ಕೊಯ್ಲು

ಪೂರ್ವಕಾಲದಲ್ಲಿ ಜಾವಾದವರು ಪೈರನ್ನು ಕುಡುಗೋಲಿನಿಂದ ಕೊಯ್ಯುತ್ತಿರಲಿಲ್ಲ. ‘ಅನಿ ಅನಿ’ ಎಂಬ ಒಂದು ಸಣ್ಣ ಅಲಗನ್ನು ಅಂಗೈಯಲ್ಲಿ ಅಡಗಿಸಿಟ್ಟು ತೆನೆ ತೆನೆಯಾಗಿ ಕತ್ತರಿಸುತ್ತಿದ್ದರು. ದೊಡ್ಡ ಆಯುಧ ಕಂಡರೆ ಪೈರಿನ ದೇವತೆ ಬೆದರುವಳೆಂಬ ನಂಬಿಕೆಯಿತ್ತು. ಲೌಕಿಕ ಕಾರಣವೂ ಇತ್ತು. ಯಾಕಂದರೆ ಹಳೇ ತಳಿಗಳ ತೆನೆಗಳು ಒಂದೇ ಎತ್ತರವಾಗಿರದೆ, ಒಂದೇ ದಿನದಲ್ಲಿ ಮಾಗದೆ ಇದ್ದವು.

ಈ ಕೆಲಸ ಸ್ತ್ರೀಯರದು. ಗದ್ದೆ ಮಾಗಿತೆಂದು ಕೇಳಿದರೆ ಊರಿನ ಹೆಂಗಸರೂ ನೆರೆಯೂರಿನವರೂ ಕೂಡಿ ಬರುತ್ತಿದ್ದರು. ಒಂದೊಂದು ಗದ್ದೆಗೆ ನೂರಕ್ಕೂ ಮಿಕ್ಕಿದ ಜನ ಇಳಿಯುವದುಂಟು. ಕೂಲಿಯನ್ನು ಹಣವಾಗಿ ಕೊಡದೆ, ಕೊಯ್ದದ್ದರಲ್ಲಿಯೇ ಒಂದು ಪಾಲು ಕೊಡುತ್ತಿದ್ದರು. ಇದೇ ‘ಬಾವೊನ್’. ಎಂಟರಲ್ಲಿ ಒಂದು, ಹತ್ತರಲ್ಲಿ ಒಂದು ಎಂದು ಊರಿಗೊಂದು ಪದ್ಧತಿ; ನೆಂಟರಿಗೂ ನೆರೆಯವರಿಗೂ ಸ್ವಲ್ಪ ಹೆಚ್ಚು. ಬಂದವಳನ್ನು ಹಿಂದೆ ಕಳುಹಿಸುವದು ಗದ್ದೆಯವನಿಗೆ ನಾಚಿಕೆ. ಹೀಗೆ ಗುಂಟೆ ಭೂಮಿಯಿಲ್ಲದ ವಿಧವೆಯೂ ತನ್ನ ಅಂಗೈಯ ಅಲಗಿನಿಂದ ಕೆಲವು ವಾರಗಳ ಅನ್ನವನ್ನು ಮನೆಗೆ ತರುತ್ತಿದ್ದಳು. ಅನಂತರ ಮರದ ಒರಳಿನಲ್ಲಿ ಆ ಭತ್ತವನ್ನು ಕುಟ್ಟುವದೂ ಸ್ತ್ರೀಯರಿಗೆ ಮತ್ತೊಂದು ಕೂಲಿ.

4. ಹೊಸ ಬೀಜ

ಸ್ವಾತಂತ್ರ್ಯವಾದ ಮೇಲೂ ಆ ದೇಶದಲ್ಲಿ ಅಕ್ಕಿಯ ಕೊರತೆ ಬಹಳವಾಗಿತ್ತು. 1965ರಿಂದ ಸರಕಾರದವರು ‘ಬಿಮಾಸ್’ ಎಂಬ ಏರ್ಪಾಟಿನಿಂದ ರೈತರಿಗೆ ಬೀಜ, ಗೊಬ್ಬರ, ಸಾಲ, ಉಪದೇಶ ಇವುಗಳನ್ನು ಒದಗಿಸತೊಡಗಿದರು. ಫಿಲಿಪೈನ್ಸಿನ ಭತ್ತದ ಸಂಶೋಧನಾಲಯವು 1966ರಲ್ಲಿ ಹೊರಡಿಸಿದ ಐಆರ್ 8 ಎಂಬ ಗಿಡ್ಡ ತಳಿಯೂ ಅದರ ತರುವಾಯದ ತಳಿಗಳೂ ಜಾವಾಕ್ಕೆ ಬಂದವು. ಇವು ಬೇಗ ಮಾಗುವವು, ಹೆಚ್ಚು ಕಾಳು ಕೊಡುವವು. ಆದರೆ ಇವುಗಳ ಕಾಳು ಬೇಗ ಉದುರುವದು; ಗಿಡವು ಗಿಡ್ಡಾಗಿ ಒಟ್ಟಿಗೆ ಮಾಗುವದರಿಂದ ಕುಡುಗೋಲಿನ ಕೊಯ್ಲೇ ಅನುಕೂಲ.

ಅಷ್ಟರಲ್ಲಿ ಭೂಮಿಯಿಲ್ಲದವರ ಸಂಖ್ಯೆ ಬೆಳೆದು ಕೊಯ್ಲಿಗೆ ಬರುವವರ ಗುಂಪೂ ಬೆಳೆದಿತ್ತು. ಪೈರು ತುಳಿತಕ್ಕೆ ಸಿಕ್ಕುವದು, ಪಾಲಿನ ಅಳತೆ ತಪ್ಪುವದು, ಇವುಗಳಿಂದ ಗದ್ದೆಯವನಿಗೆ ನಷ್ಟ. ಆದರೂ ತನ್ನ ನೆರೆಯವಳ ಮುಖ ನೋಡಿ “ನೀನು ಬರಬೇಡ” ಎಂದು ಹೇಳುವದಕ್ಕೆ ಅವನಿಗೆ ಬಾಯಿ ಬಾರದು. ಆದದರಿಂದ ಅವನು ಕೊಯ್ಲಿಗೆ ಕೆಲವು ದಿವಸಗಳ ಮುಂಚೆ ನಿಂತ ಪೈರನ್ನೇ ವ್ಯಾಪಾರಿಗೆ ಮಾರತೊಡಗಿದನು. ಇದಕ್ಕೆ ‘ತೆಬಾಸಾನ್’ ಎನ್ನುತ್ತಾರೆ. ವ್ಯಾಪಾರಿಗೆ ಊರಿನ ದಾಕ್ಷಿಣ್ಯವಿಲ್ಲ. ಅವನು ಕುಡುಗೋಲು ಹಿಡಿದ ಕೆಲವೇ ಆಳುಗಳನ್ನು ತಂದು, ತೂಕದ ಮೇಲೆ ಕೂಲಿ ಕೊಟ್ಟು ಕೊಯ್ಯಿಸಿದನು. ಬದುವಿನ ಮೇಲೆ ನಿಂತ ಹೆಂಗಸರು ಕೊಯ್ಲಾದ ಮೇಲೆ ಹಕ್ಕಲು ಆಯ್ದುಕೊಳ್ಳುವದಷ್ಟೇ ಉಳಿಯಿತು. ಕಾಲಿಯರ್, ಗುನವಾನ್ ವಿರಾದಿ, ಸೂನ್ತೋರೊ ಎಂಬ ಮೂವರು ಹಳ್ಳಿಗಳಲ್ಲಿ ವಿಚಾರಿಸಿ 1973ರಲ್ಲಿ ಈ ಬದಲಾವಣೆಯನ್ನು ಲೋಕಕ್ಕೆ ತಿಳಿಸಿದರು. ಅದೇ ಕಾಲದಲ್ಲಿ ಸಣ್ಣ ಅಕ್ಕಿ ಗಿರಣಿಗಳು ಹಳ್ಳಿ ಹಳ್ಳಿಗೆ ಬಂದು ಒನಕೆಯ ಕೂಲಿಯೂ ನಿಂತಿತು.

5. ಲಾಭವೂ ನಷ್ಟವೂ

ಇಲ್ಲಿ ನಾವು ಒಂದೇ ಕಡೆಯನ್ನು ನೋಡಿ ತೀರ್ಪು ಮಾಡಬಾರದು. ಹೊಸ ಬೀಜದಿಂದ ಆ ದೇಶಕ್ಕೆ ದೊಡ್ಡ ಉಪಕಾರವಾಯಿತು. 1970ರ ದಶಕದ ಕೊನೆಯಲ್ಲಿ ಲೋಕದ ಅತಿ ಹೆಚ್ಚು ಅಕ್ಕಿಯನ್ನು ಹೊರಗಿನಿಂದ ಕೊಳ್ಳುವ ದೇಶಗಳಲ್ಲಿ ಒಂದಾಗಿದ್ದ ಇಂಡೋನೇಷ್ಯಾವು 1984ರಲ್ಲಿ ತನ್ನ ಅಕ್ಕಿಯನ್ನು ತಾನೇ ಬೆಳೆಯುವಷ್ಟಾಯಿತು. ಸರಕಾರದ ಲೆಕ್ಕದ ಪ್ರಕಾರ 1976ರಲ್ಲಿ ನೂರಕ್ಕೆ 40 ಮಂದಿ ಬಡವರಾಗಿದ್ದರೆ 1990ರಲ್ಲಿ ನೂರಕ್ಕೆ 15 ಮಂದಿ. ಕುಟ್ಟುವ ಶ್ರಮ ತಪ್ಪಿದ್ದೂ ಅನೇಕ ಸ್ತ್ರೀಯರಿಗೆ ಸುಖವೇ. ಕೊಯ್ಲಿನ ಪಾಲು ಕಳೆದುಕೊಂಡ ಮನೆಗಳಲ್ಲಿ ಅನೇಕರು ಪಟ್ಟಣದ ಕಟ್ಟಡದ ಕೆಲಸ, ಕಾರ್ಖಾನೆ, ಚಿಲ್ಲರೆ ವ್ಯಾಪಾರ ಇವುಗಳಿಂದ ಜೀವಿಸಿದರು.

ಆದರೂ ನಷ್ಟವು ಯಾರ ಪಾಲಿಗೆ ಬಂದಿತೆಂದು ಕೇಳಬೇಕು. ಗದ್ದೆಯವನಿಗೆ ಮೂಟೆ ಹೆಚ್ಚಿತು, ವ್ಯಾಪಾರಿಗೆ ಲಾಭ ಹೆಚ್ಚಿತು. ಬದುವಿನ ಮೇಲೆ ನಿಂತವಳಿಗೆ ಆ ವರುಷದ ಭತ್ತ ಬರಲಿಲ್ಲ. ಹತ್ತು ವರುಷಗಳ ತರುವಾಯ ಪಟ್ಟಣದಲ್ಲಿ ಕೆಲಸ ಹೆಚ್ಚೀತೆಂಬ ಮಾತು ಆ ಸಂಜೆಯ ಒಲೆಗೆ ಸಾಲುವದಿಲ್ಲ. ಇಂದಿಗೂ ಅಲ್ಲಿಯ ಅನೇಕ ತಾಯಂದಿರು ಮಕ್ಕಳನ್ನು ಅಜ್ಜಿಯ ಕೈಯಲ್ಲಿ ಬಿಟ್ಟು ಮಲೇಷ್ಯಾ, ಹಾಂಗ್‌ಕಾಂಗ್, ತೈವಾನ್ ಮತ್ತು ಅರಬ್ಬೀ ದೇಶಗಳಿಗೆ ಮನೆಗೆಲಸಕ್ಕೆ ಹೋಗುತ್ತಾರೆ. ಬಯಲು ಸೀಮೆಯ ಗದ್ದೆಗಳಲ್ಲಿ ಕೊಯ್ಲಿನ ಯಂತ್ರವು ಕುಡುಗೋಲನ್ನೂ ತಳ್ಳುತ್ತಾ ಇದೆ.

2014ರಲ್ಲಿ ಮಾಡಿದ ಹಳ್ಳಿಗಳ ಕಾನೂನಿನಂತೆ 2015ರಿಂದ ರಾಜ್ಯದ ಬೊಕ್ಕಸದ ಹಣವು ನೇರವಾಗಿ ಹಳ್ಳಿಗಳಿಗೆ ಬರತೊಡಗಿತು. ಅದರಿಂದ ರಸ್ತೆ, ಕಾಲುವೆ ಮುಂತಾದವುಗಳು ಆದವು. ಆದರೆ ಕಾಲುವೆಯ ನೀರು ಗದ್ದೆಯುಳ್ಳವನ ಗದ್ದೆಗೇ ಹರಿಯುವದೆಂಬದನ್ನು ಮರೆಯಬಾರದು.

6. ನಾವು ಕಲಿಯತಕ್ಕದ್ದು

ಮೊದಲನೆಯದು: ಹೊಸ ಬೀಜವಾಗಲಿ ಯಂತ್ರವಾಗಲಿ ಬಂದಾಗ ಎಕರೆಗೆ ಎಷ್ಟು ಮೂಟೆ ಎಂಬದನ್ನು ಮಾತ್ರ ಕೇಳದೆ, ಯಾರ ಕೂಲಿ ನಿಲ್ಲುವದೆಂದೂ ಅವರಿಗೆ ಬೇರೆ ಕೆಲಸ ಯಾವದೆಂದೂ ಕೊಯ್ಲಿಗೆ ಮುಂಚೆಯೇ ಕೇಳಬೇಕು.

ಎರಡನೆಯದು: ಬಡವರ ಪಾಲು ಬರೇ ದಾಕ್ಷಿಣ್ಯದ ಮೇಲೆ ನಿಂತಿದ್ದರೆ ಅದು ಉಳಿಯದು. ಜಾವಾದ ಗದ್ದೆಯವನು ಕ್ರೂರನಲ್ಲ. ತಾನು ಹೇಳಲಾರದ್ದನ್ನು ಮತ್ತೊಬ್ಬನ ಬಾಯಿಂದ ಹೇಳಿಸಿದನು. ನಾವೂ ಎಷ್ಟೋ ಸಾರಿ ಹೀಗೆಯೇ ಮಾಡುತ್ತೇವೆ.

ಮೂರನೆಯದು: ಚಿಟಿಕೆ ಅಕ್ಕಿ ಕೂಡಿಸುವ ಊರಿಗೆ ಕೊಯ್ಲಿನ ವಿಷಯವಾಗಿಯೂ ಕೂಡಿ ಮಾತಾಡುವ ಶಕ್ತಿಯುಂಟು, ಮಾತಾಡುವದಕ್ಕೆ ಕೂತುಕೊಳ್ಳಬೇಕು.

ಪ್ರಶ್ನೆಗಳು

1. ಅನಿ ಅನಿಯಿಂದ ಕೊಯ್ಯುವದಕ್ಕೆ ಇದ್ದ ಎರಡು ಕಾರಣಗಳು ಯಾವವು?
2. ಗದ್ದೆಯವನು ನಿಂತ ಪೈರನ್ನು ಮಾರಿದ್ದು ಯಾತಕ್ಕೆ? ನೀವು ಅವನ ಸ್ಥಳದಲ್ಲಿದ್ದರೆ ಏನು ಮಾಡುತ್ತಿದ್ದಿರಿ?
3. ನಿಮ್ಮ ಊರಿನಲ್ಲಿ ಕಳೆದ ಹತ್ತು ವರುಷಗಳಲ್ಲಿ ಯಾರ ಕೂಲಿ ನಿಂತಿತು? ಅವರು ಈಗ ಹೇಗೆ ಜೀವಿಸುತ್ತಾರೆ?