ನೀರಿನ ಬಣ್ಣ ಕಬ್ಬಿಣವನ್ನು ಕಾಯಬಲ್ಲುದೆ?

ಒಂದು ಮಳೆಗಾಲದಲ್ಲಿ ನಮ್ಮ ಪ್ರಯೋಗಶಾಲೆಯ ಕಬ್ಬಿಣದ ಕಪಾಟುಗಳಿಗೆ ಹೊಸದಾಗಿ ಬಣ್ಣ ಬಳಿಸುವ ಪ್ರಸಂಗ ಒದಗಿತು. ದ್ರಾವಕದ ಘಾಟು ಪಕ್ಕದ ತರಗತಿಗಳಿಗೆ ಹರಡಬಾರದೆಂದು, ನೀರಿನಲ್ಲಿ ಕಲಸಿದ ಅಡಿಲೇಪವನ್ನೇ, ಎಂದರೆ ನೀರಿನ ಪ್ರೈಮರನ್ನೇ, ನಾವು ಆರಿಸಿಕೊಂಡೆವು. ಕಪಾಟುಗಳನ್ನು ಹೊಳೆಯುವಂತೆ ಉಜ್ಜಿ ಬಣ್ಣ ಬಳಿದದ್ದಾಯಿತು. ಅರ್ಧ ಗಂಟೆ ಕಳೆಯುವಷ್ಟರಲ್ಲಿ ಬೂದು ಲೇಪದ ಮೇಲೆ ಅಲ್ಲಲ್ಲಿ ಕಂದು ಚುಕ್ಕೆಗಳು ಮೂಡಿದುವು. “ತುಕ್ಕನ್ನು ತಡೆಯಬೇಕಾದ ಬಣ್ಣವೇ ತುಕ್ಕನ್ನು ತಂದಿತಲ್ಲ!” ಎಂದು ವಿದ್ಯಾರ್ಥಿಯೊಬ್ಬನು ನಕ್ಕನು. ಆ ನಗೆಯಲ್ಲಿ ಒಂದು ಒಳ್ಳೆಯ ಪ್ರಶ್ನೆ ಅಡಗಿತ್ತು. ತುಕ್ಕು ಹಿಡಿಯಲು ನೀರು ಬೇಕೇ ಬೇಕೆಂದು ನಾವು ಕೆಳಗಿನ ತರಗತಿಯಲ್ಲಿಯೇ ಕಲಿತಿರುತ್ತೇವೆ. ಹಾಗಿರುವಾಗ ನೀರಿನ ಬಣ್ಣದಿಂದ ಕಬ್ಬಿಣವನ್ನು ಕಾಪಾಡುವುದು ಸಾಧ್ಯವೆ? ಸಾಧ್ಯವಾದರೆ, ಆ ಬಣ್ಣವನ್ನು ಹೇಗೆ ಕಲಸಬೇಕು?

ತುಕ್ಕು ಒಂದು ವಿದ್ಯುತ್ಕೋಶ

ಮೊದಲು ತುಕ್ಕಿನ ಸ್ವರೂಪವನ್ನು ತಿಳಿಯೋಣ. ಕೇಂಬ್ರಿಜಿನ ಯೂಲಿಕ್ ಇವಾನ್ಸ್ ೧೯೨೦ರ ದಶಕದಲ್ಲಿ ಮಾಡಿದ ಒಂದು ಸರಳ ಪ್ರಯೋಗವನ್ನು ಯಾವ ಕಾಲೇಜಿನಲ್ಲಿಯಾದರೂ ಮಾಡಿ ನೋಡಬಹುದು. ಚೆನ್ನಾಗಿ ಉಜ್ಜಿದ ಉಕ್ಕಿನ ತಗಡಿನ ಮೇಲೆ ಉಪ್ಪುನೀರಿನ ಒಂದು ಹನಿಯನ್ನಿಡಬೇಕು. ಆ ನೀರಿಗೆ ಸ್ವಲ್ಪ ಫಿನಾಲ್ಫ್ತಲೀನನ್ನೂ ಪೊಟ್ಯಾಸಿಯಂ ಫೆರಿಸಯನೈಡನ್ನೂ ಮೊದಲೇ ಸೇರಿಸಿರಬೇಕು. ಕೆಲವು ನಿಮಿಷಗಳಲ್ಲಿ ಹನಿಯ ನಡುಭಾಗ ನೀಲಿಯಾಗುತ್ತದೆ, ಅಂಚು ಗುಲಾಬಿಯಾಗುತ್ತದೆ. ಎರಡರ ನಡುವೆ ತುಕ್ಕಿನ ಉಂಗುರ ಕಾಣಿಸಿಕೊಳ್ಳುತ್ತದೆ.

ಇದರ ಅರ್ಥವೇನು? ಹನಿಯ ನಡುವೆ ಕಬ್ಬಿಣದ ಪರಮಾಣುಗಳು ಎರಡೆರಡು ಎಲೆಕ್ಟ್ರಾನುಗಳನ್ನು ಲೋಹದಲ್ಲಿಯೇ ಬಿಟ್ಟು, ಅಯಾನುಗಳಾಗಿ ನೀರಿಗಿಳಿಯುತ್ತವೆ. ನೀಲಿ ಬಣ್ಣ ಇವುಗಳ ಗುರುತು. ಈ ಎಡೆ ಆನೋಡು. ಬಿಟ್ಟುಹೋದ ಎಲೆಕ್ಟ್ರಾನುಗಳು ಲೋಹದ ಮೂಲಕ ಹನಿಯ ಅಂಚಿಗೆ ಹರಿಯುತ್ತವೆ. ಅಲ್ಲಿ ಗಾಳಿಯ ಆಮ್ಲಜನಕ ಧಾರಾಳವಾಗಿರುವುದರಿಂದ, ಆಮ್ಲಜನಕವೂ ನೀರೂ ಎಲೆಕ್ಟ್ರಾನುಗಳನ್ನು ಸ್ವೀಕರಿಸಿ ಹೈಡ್ರಾಕ್ಸಿಲ್ ಅಯಾನುಗಳಾಗುತ್ತವೆ. ಗುಲಾಬಿ ಬಣ್ಣ ಈ ಕ್ಷಾರದ ಗುರುತು. ಈ ಎಡೆ ಕ್ಯಾಥೋಡು. ಹೀಗೆ ಒಂದೇ ಹನಿಯಲ್ಲಿ ಒಂದು ಪುಟ್ಟ ವಿದ್ಯುತ್ಕೋಶ ಏರ್ಪಡುತ್ತದೆ. ಲೋಹದಲ್ಲಿ ಎಲೆಕ್ಟ್ರಾನುಗಳು ಹರಿಯುತ್ತವೆ, ನೀರಿನಲ್ಲಿ ಅಯಾನುಗಳು ಚಲಿಸುತ್ತವೆ. ಎರಡರಲ್ಲಿ ಒಂದನ್ನು ತಡೆದರೂ ಮಂಡಲ ಕಡಿದು, ತುಕ್ಕು ನಿಲ್ಲುತ್ತದೆ.

ಬಣ್ಣ ಕೊಡೆಯಲ್ಲ

ಬಣ್ಣವು ಕೊಡೆಯಂತೆ ನೀರನ್ನು ತಡೆದು ಕಬ್ಬಿಣವನ್ನು ಕಾಯುತ್ತದೆಂದು ಬಹುಕಾಲ ಜನ ನಂಬಿದ್ದರು. ಕೇಂಬ್ರಿಜಿನಲ್ಲಿಯೇ ಕೆಲಸ ಮಾಡುತ್ತಿದ್ದ ಮೇನ್ ಎಂಬ ವಿಜ್ಞಾನಿ ಎರಡನೆಯ ಮಹಾಯುದ್ಧದ ನಂತರದ ವರ್ಷಗಳಲ್ಲಿ ಈ ನಂಬಿಕೆಯನ್ನು ಪರೀಕ್ಷೆಗೊಡ್ಡಿದನು. ಸಾಮಾನ್ಯ ಬಣ್ಣದ ಪೊರೆಗಳ ಮೂಲಕ ನೀರೂ ಆಮ್ಲಜನಕವೂ ಎಷ್ಟು ಸರಾಗವಾಗಿ ನುಸುಳುತ್ತವೆಂದರೆ, ಬರಿಯ ಕಬ್ಬಿಣ ತುಕ್ಕು ಹಿಡಿಯಲು ಬೇಕಾದಷ್ಟನ್ನು ಅವು ಒದಗಿಸಬಲ್ಲುವು! ಹಾಗಿದ್ದರೂ ಒಳ್ಳೆಯ ಬಣ್ಣದಡಿಯಲ್ಲಿ ಕಬ್ಬಿಣ ಸುರಕ್ಷಿತವಾಗಿರುವುದು ಹೇಗೆ? ಪೊರೆಯು ಅಯಾನುಗಳ ಚಲನೆಯನ್ನು ತಡೆಯುವುದೇ ಇದಕ್ಕೆ ಮುಖ್ಯ ಕಾರಣವೆಂದು ಮೇನ್ ತೋರಿಸಿಕೊಟ್ಟನು. ಬಣ್ಣದ ಪೊರೆ ಕೊಡೆಯಲ್ಲ; ಅದೊಂದು ವಿದ್ಯುದ್ರೋಧಕ.

೧೯೪೮ರಲ್ಲಿ ಬೇಕನ್, ಸ್ಮಿತ್, ರಗ್ ಎಂಬ ಮೂವರು ಇದನ್ನು ಅಂಕಿಗಳಲ್ಲಿ ಹೇಳಿದರು. ಒಂದು ಚದರ ಸೆಂಟಿಮೀಟರ್ ಪೊರೆಯ ರೋಧವು ೧೦ ಕೋಟಿ ಓಮ್‌ಗಿಂತ ಹೆಚ್ಚಾಗಿದ್ದರೆ ಅದು ಕಬ್ಬಿಣವನ್ನು ಚೆನ್ನಾಗಿ ಕಾಯುತ್ತದೆ. ೧೦ ಲಕ್ಷ ಓಮ್‌ಗಿಂತ ಕಡಿಮೆಯಾದರೆ ಕಾಯಲಾರದು. ನಾವೂ ಒಂದು ಲೆಕ್ಕ ಮಾಡಿ ನೋಡೋಣ. ತುಕ್ಕಿನ ಕೋಶದ ವಿದ್ಯುದ್ವಿಭವವನ್ನು ಸುಮಾರು ೦.೫ ವೋಲ್ಟ್ ಎಂದು ಹಿಡಿಯೋಣ. ರೋಧವು ೧೦ ಕೋಟಿ ಓಮ್ ಆದರೆ, ಓಮನ ನಿಯಮದಂತೆ ಪ್ರವಾಹವು ಒಂದು ಆಂಪಿಯರಿನ ೨೦ ಕೋಟಿಯಲ್ಲಿ ಒಂದು ಪಾಲು ಮಾತ್ರ. ಫ್ಯಾರಡೆಯ ನಿಯಮದ ಪ್ರಕಾರ ೫೬ ಗ್ರಾಂ ಕಬ್ಬಿಣ ಕರಗಲು ೧,೯೩,೦೦೦ ಕೂಲಂಬು ವಿದ್ಯುತ್ತು ಹರಿಯಬೇಕು. ಈ ಎರಡನ್ನೂ ಕೂಡಿಸಿದರೆ, ವರ್ಷವೊಂದಕ್ಕೆ ಸವೆಯುವ ಕಬ್ಬಿಣದ ದಪ್ಪ ಮೈಕ್ರಾನಿನ ಹದಿನಾರನೆಯ ಒಂದು ಪಾಲಿಗೂ ಕಡಿಮೆಯೆಂದು ತಿಳಿಯುತ್ತದೆ. ರೋಧ ೧೦ ಲಕ್ಷಕ್ಕಿಳಿದರೆ ಸವೆತ ನೂರು ಮಡಿಯಾಗಿ, ಸುಮಾರು ೬ ಮೈಕ್ರಾನಿಗೇರುತ್ತದೆ. ಅದೂ ಎಲ್ಲೆಡೆ ಸಮನಾಗಿರದೆ, ಪೊರೆ ದುರ್ಬಲವಾದ ಕಡೆಗಳಲ್ಲಿಯೇ ಕೇಂದ್ರೀಕರಿಸಿ, ಅಲ್ಲಿ ಗುಳಿ ಬೀಳಿಸುತ್ತದೆ.

ನೀರಿನ ಬಣ್ಣವೇ ಏಕೆ?

ಎಣ್ಣೆ ಮತ್ತು ದ್ರಾವಕಗಳ ಬಣ್ಣಗಳು ಈ ಕೆಲಸವನ್ನು ಸೊಗಸಾಗಿ ಮಾಡುತ್ತಿದ್ದುವು. ಆದರೆ ಅದರ ಬೆಲೆಯನ್ನು ತೆತ್ತವರು ಬೇರೆಯವರು. ಆರುವಾಗ ದ್ರಾವಕವೆಲ್ಲವೂ ಗಾಳಿಗೆ ಸೇರುತ್ತದೆ. ಅದನ್ನು ಮೊದಲು ಉಸಿರಾಡುವವನು ಕುಂಚ ಹಿಡಿದವನು. ಮುಚ್ಚಿದ ತೊಟ್ಟಿಯೊಳಗೆ ಬಣ್ಣ ಬಳಿಯುವವನ ಅಪಾಯವಂತೂ ಹೇಳತೀರದು. ಬಿಸಿಲಿನಲ್ಲಿ ಈ ಆವಿಗಳು ವಾಹನಗಳ ಹೊಗೆಯೊಡನೆ ಸೇರಿ ವಿಷಮಂಜನ್ನು ಉಂಟುಮಾಡುತ್ತವೆ. ಆದುದರಿಂದಲೇ ಅಮೆರಿಕದ ಲಾಸ್ ಏಂಜಲೀಸ್ ಪ್ರಾಂತದಲ್ಲಿ ೧೯೬೬ರಷ್ಟು ಹಿಂದೆಯೇ ದ್ರಾವಕಗಳ ಬಳಕೆಯನ್ನು ನಿಯಮದಿಂದ ಬಿಗಿಮಾಡಿದರು. ಹಳೆಯ ಅಡಿಲೇಪಗಳಲ್ಲಿದ್ದ ಕೆಂಪು ಸೀಸವೂ ಯಶದದ ಕ್ರೋಮೇಟೂ ಬೇರೊಂದು ಕೇಡು. ಸೀಸ ನರಗಳಿಗೆ ವಿಷ. ಕ್ರೋಮೇಟು ಕ್ಯಾನ್ಸರಿಗೆ ಕಾರಣ. ಕಬ್ಬಿಣವನ್ನು ಉಳಿಸಲು ಮನುಷ್ಯನನ್ನು ಕೆಡಿಸುವುದು ಯಾವ ನ್ಯಾಯ?

ಡಬ್ಬಿಯಲ್ಲಿ ಗುಣ, ಪೊರೆಯಲ್ಲಿ ದೋಷ

ನೀರಿನ ಅಡಿಲೇಪದಲ್ಲಿ ರಾಳವು ನೀರಿನಲ್ಲಿ ಕರಗಿರುವುದಿಲ್ಲ. ಅಕ್ರಿಲಿಕ್ ಮೊದಲಾದ ಪಾಲಿಮರಿನ ಕಣಗಳು, ಹಾಲಿನಲ್ಲಿ ಕೊಬ್ಬಿನ ಕಣಗಳಿರುವಂತೆ, ನೀರಿನಲ್ಲಿ ತೇಲಾಡುತ್ತಿರುತ್ತವೆ. ಕಣದ ವ್ಯಾಸ ಸುಮಾರು ಮೈಕ್ರಾನಿನ ಹತ್ತನೆಯ ಒಂದು ಪಾಲು. ಇಂಥ ಹಾಲನ್ನು ಲೇಟೆಕ್ಸ್ ಎನ್ನುತ್ತಾರೆ. ನೀರು ಆರುತ್ತ ಬಂದಂತೆ ಕಣಗಳು ಒತ್ತಾಗಿ ಸೇರುತ್ತವೆ, ಒಂದನ್ನೊಂದು ಅದುಮಿ ಆಕಾರಗೆಡುತ್ತವೆ, ಕೊನೆಗೆ ಬೆಸೆದು ಒಂದೇ ಪೊರೆಯಾಗುತ್ತವೆ. ಬೆಸುಗೆ ಪೂರ್ಣವಾಗದಿದ್ದರೆ ಕಣಗಳ ನಡುವಣ ಸಂದುಗಳೇ ಅಯಾನುಗಳಿಗೆ ಓಣಿಗಳಾಗುತ್ತವೆ. ಕಣಗಳು ಬೆಸೆಯಲು ಕನಿಷ್ಠ ಇಷ್ಟು ಉಷ್ಣತೆ ಬೇಕೆಂಬ ಮಿತಿಯಿದೆ. ಅವುಗಳನ್ನು ಮೆದುವಾಗಿಸಿ ಆ ಮಿತಿಯನ್ನು ತಗ್ಗಿಸುವುದಕ್ಕಾಗಿ, ನಿಧಾನವಾಗಿ ಆರುವ ಬೆಸೆದ್ರಾವಕವನ್ನು ಅಲ್ಪ ಪ್ರಮಾಣದಲ್ಲಿ ಸೇರಿಸುತ್ತಾರೆ.

ಇಲ್ಲಿಯೇ ಲೇಪವನ್ನು ಕಲಸುವವನ ಸಂಕಟ ಆರಂಭವಾಗುತ್ತದೆ. ಕಣಗಳು ಡಬ್ಬಿಯಲ್ಲಿ ಗಟ್ಟಿಕಟ್ಟದಿರಲು ಸಾಬೂನಿನಂಥ ವಸ್ತುಗಳು ಬೇಕು. ಆದರೆ ನೀರು ಆರಿದ ಮೇಲೂ ಅವು ಪೊರೆಯಲ್ಲಿಯೇ ಉಳಿದು ನೀರನ್ನು ಸೆಳೆಯುತ್ತವೆ, ರೋಧವನ್ನು ತಗ್ಗಿಸುತ್ತವೆ. ಡಬ್ಬಿಯಲ್ಲಿ ಗುಣವಾದದ್ದು ಪೊರೆಯಲ್ಲಿ ದೋಷ! ಅದಕ್ಕಾಗಿ ಪಾಲಿಮರಿನ ಸರಪಣಿಗೇ ಅಂಟಿಕೊಂಡು ಅಲೆಯದೆ ನಿಲ್ಲುವ ಸಾಬೂನುಗಳನ್ನು ರಸಾಯನಜ್ಞರು ರೂಪಿಸಿದ್ದಾರೆ.

ನಮ್ಮ ಕಪಾಟಿನ ಮೇಲೆ ಮೂಡಿದ ಕಂದು ಚುಕ್ಕೆಗಳಿಗೆ ಮಿಂಚುತುಕ್ಕು ಎನ್ನಬಹುದು. ಹೊಸದಾಗಿ ಉಜ್ಜಿದ ಉಕ್ಕು ಪೊರೆ ಆರುವವರೆಗೆ ಗಾಳಿ ಬೆರೆತ ನೀರಿನೊಡನೆ ನೇರವಾಗಿ ಸಂಪರ್ಕದಲ್ಲಿರುವುದೇ ಇದರ ಕಾರಣ. ಇದನ್ನು ತಡೆಯಲು ಬಣ್ಣವನ್ನು ಸ್ವಲ್ಪ ಕ್ಷಾರೀಯವಾಗಿ, ಪಿಎಚ್ ಅಳತೆಯಲ್ಲಿ ಸುಮಾರು ೯ರಲ್ಲಿ ಇಡುತ್ತಾರೆ. ಕ್ಷಾರವಾಗಿ ಅಮೋನಿಯವನ್ನು ಬಳಸಿದರೆ ಒಂದು ಅನುಕೂಲವುಂಟು: ಕೆಲಸ ಮುಗಿದ ಮೇಲೆ ಅದು ತಾನಾಗಿ ಆವಿಯಾಗಿ ಹೋಗುತ್ತದೆ. ಜೊತೆಗೆ ಸೋಡಿಯಂ ನೈಟ್ರೈಟಿನಂಥ ಲವಣವನ್ನು ಅತ್ಯಲ್ಪವಾಗಿ ಸೇರಿಸುತ್ತಾರೆ. ಅದು ಕಬ್ಬಿಣದ ಮೇಲೆ ಅತಿ ತೆಳುವಾದ ರಕ್ಷಕ ಆಕ್ಸೈಡಿನ ಪದರವನ್ನು ಉಂಟುಮಾಡುತ್ತದೆ. ಆದರೆ ಲವಣ ಹೆಚ್ಚಾದರೆ ಮತ್ತೊಂದು ತೊಂದರೆ. ಪೊರೆಯಡಿ ಉಳಿದ ಲವಣ ಅಭಿಸರಣದಿಂದ ಹೊರಗಿನ ನೀರನ್ನು ಒಳಕ್ಕೆ ಸೆಳೆಯುತ್ತದೆ. ಒತ್ತಡವೇರಿ ಬಣ್ಣದಲ್ಲಿ ಬೊಬ್ಬೆಗಳು ಏಳುತ್ತವೆ.

ಫಾಸ್ಫೇಟಿನ ನೆರವು

ಕ್ರೋಮೇಟಿನ ಸ್ಥಾನವನ್ನು ಈಗ ಬಹುಮಟ್ಟಿಗೆ ಯಶದದ ಫಾಸ್ಫೇಟು ವಹಿಸಿಕೊಂಡಿದೆ. ಇದು ನೀರಿನಲ್ಲಿ ಬಹು ಸ್ವಲ್ಪವಾಗಿ ಕರಗುತ್ತದೆ. ಅದೇ ಇದರ ಗುಣ. ಹೆಚ್ಚು ಕರಗಿದರೆ ಬೊಬ್ಬೆ, ಏನೂ ಕರಗದಿದ್ದರೆ ನಿಷ್ಪ್ರಯೋಜಕ. ಕರಗಿದ ಸ್ವಲ್ಪಾಂಶವು ಕಬ್ಬಿಣದ ಮೇಲೆ ಕರಗದ ಫಾಸ್ಫೇಟಿನ ಪದರವನ್ನು ಕಟ್ಟಿ ಆನೋಡುಗಳನ್ನು ಅಡಗಿಸುತ್ತದೆ. ದೆಹಲಿಯ ಕಬ್ಬಿಣದ ಸ್ತಂಭ ಸುಮಾರು ೧೬೦೦ ವರ್ಷಗಳಿಂದ ಬಯಲಿನಲ್ಲಿ ನಿಂತಿರುವುದಕ್ಕೂ ಆ ಕಬ್ಬಿಣದಲ್ಲಿ ಅಡಕವಾಗಿರುವ ರಂಜಕದಿಂದ ಉಂಟಾದ ಫಾಸ್ಫೇಟಿನ ಪದರವೇ ಮುಖ್ಯ ಕಾರಣವೆಂದು ಲೋಹಶಾಸ್ತ್ರಜ್ಞರು ಹೇಳುತ್ತಾರೆ.

ಒಂದು ಮಾದರಿ ಲೆಕ್ಕ

ತೂಕದಲ್ಲಿ ೧೦೦ ಭಾಗದ ಒಂದು ಸಾಮಾನ್ಯ ಮಾದರಿಯನ್ನು ಇಟ್ಟುಕೊಳ್ಳೋಣ: ನೀರು ೧೭, ಕಣಗಳನ್ನು ಹರಡಿಸುವ ಪ್ರಸರಕ ೧, ಯಶದದ ಫಾಸ್ಫೇಟು ೮, ಕಬ್ಬಿಣದ ಕೆಂಪು ಆಕ್ಸೈಡು ೮, ಟಾಲ್ಕ್ ೧೦, ಅರ್ಧ ತೂಕ ಪಾಲಿಮರಿರುವ ಲೇಟೆಕ್ಸ್ ೫೧, ಬೆಸೆದ್ರಾವಕ ೩, ನೊರೆನಾಶಕ, ಅಮೋನಿಯ, ನೈಟ್ರೈಟು ಮೊದಲಾದುವು ೨. ಪುಡಿಗಳ ಸಾಂದ್ರತೆ ಕ್ರಮವಾಗಿ ೩.೩, ೫, ೨.೭ ಎಂದು ಹಿಡಿದರೆ, ಅವುಗಳ ಒಟ್ಟು ಗಾತ್ರ ಸುಮಾರು ೭.೭ ಘನ ಸೆಂಟಿಮೀಟರ್. ಲೇಟೆಕ್ಸಿನಲ್ಲಿರುವ ೨೫.೫ ಗ್ರಾಂ ಪಾಲಿಮರಿನ ಗಾತ್ರ, ಸಾಂದ್ರತೆ ೧.೧ ಆದರೆ, ಸುಮಾರು ೨೩. ಆರಿದ ಪೊರೆಯಲ್ಲಿ ಪುಡಿಯ ಪಾಲು ಗಾತ್ರದಲ್ಲಿ ಶೇಕಡ ೨೫.

ಈ ಅಂಕಿ ಬಹು ಮುಖ್ಯ. ಪುಡಿಯ ಪಾಲನ್ನು ಏರಿಸುತ್ತ ಹೋದರೆ ಒಂದು ಹಂತದಲ್ಲಿ ಪುಡಿಯ ಕಣಗಳ ನಡುವಣ ಎಡೆಯನ್ನು ತುಂಬಲು ರಾಳ ಸಾಲದೆ ಹೋಗುತ್ತದೆ. ಆ ಸಂಧಿಸ್ಥಾನವನ್ನು ೧೯೪೯ರಲ್ಲಿ ಆಸ್ಬೆಕ್ ಮತ್ತು ವಾನ್ ಲೂ ಎಂಬವರು ಗುರುತಿಸಿದರು. ಅದನ್ನು ದಾಟಿದ ಪೊರೆ ಜರಡಿಯಾಗುತ್ತದೆ. ಲೇಟೆಕ್ಸಿನ ಕಣಗಳು ಕರಗಿದ ರಾಳದಷ್ಟು ಸುಲಭವಾಗಿ ಸಂದುಗಳಿಗೆ ಹರಿಯಲಾರವಾದುದರಿಂದ, ನೀರಿನ ಬಣ್ಣದಲ್ಲಿ ಈ ಮಿತಿ ಇನ್ನೂ ಕೆಳಗಿರುತ್ತದೆ. ಅಗ್ಗದ ಟಾಲ್ಕನ್ನು ತುಂಬಿ ಲಾಭ ಮಾಡಹೊರಟವನು ಕಬ್ಬಿಣವನ್ನು ಕಳೆದುಕೊಳ್ಳುವುದು ಹೀಗೆ. ಇನ್ನೊಂದು ಮಾತು: ಈ ೧೦೦ ಗ್ರಾಂ ಬಣ್ಣದ ಒಟ್ಟು ಗಾತ್ರ ಸುಮಾರು ೭೯ ಘನ ಸೆಂಟಿಮೀಟರ್, ಆರಿದ ಮೇಲೆ ಉಳಿಯುವುದು ಸುಮಾರು ೩೧. ಆದಕಾರಣ ೧೦೦ ಮೈಕ್ರಾನ್ ದಪ್ಪ ಬಳಿದರೆ ಕೊನೆಗೆ ದಕ್ಕುವುದು ೪೦ ಮೈಕ್ರಾನಿಗೂ ಸ್ವಲ್ಪ ಕಡಿಮೆ. ಒಂದೇ ಸಾರಿ ಬಳಿದು ಸಾಕೆನ್ನುವವರು ಇದನ್ನು ನೆನಪಿಡಬೇಕು.

ವಿದ್ಯುತ್ತೇ ಬಣ್ಣಗಾರ

ನೀರಿನ ಅಡಿಲೇಪ ಹೊಸದೇನೂ ಅಲ್ಲ. ದಕ್ಷಿಣ ಆಸ್ಟ್ರೇಲಿಯದಲ್ಲಿ ೧೯೪೪ರಲ್ಲಿ ಮುಗಿದ, ೩೫೦ ಕಿಲೋಮೀಟರಿಗಿಂತ ಉದ್ದವಾದ ಮಾರ್ಗನ್–ವಯಾಲ ನೀರಿನ ಕೊಳವೆಗೆ ವಿಕ್ಟರ್ ನೈಟಿಂಗಾಲ್ ರೂಪಿಸಿದ ಲೇಪವನ್ನು ಬಳಿದಿದ್ದರು. ಅದರಲ್ಲಿದ್ದುದು ನೀರಿನಲ್ಲಿ ಕರಗಿದ ಸಿಲಿಕೇಟು ಮತ್ತು ಯಶದದ ಪುಡಿ. ಇಲ್ಲಿ ಯಶದವು ತಾನೇ ಆನೋಡಾಗಿ ಸವೆದು ಉಕ್ಕನ್ನು ಉಳಿಸುತ್ತದೆ.

ಇದಕ್ಕಿಂತಲೂ ಸೋಜಿಗವಾದದ್ದು ಮೋಟಾರು ಕಾರಿನ ಅಡಿಲೇಪ. ಅಮೆರಿಕದ ಫೋರ್ಡ್ ಕಂಪೆನಿಯಲ್ಲಿ ಜಾರ್ಜ್ ಬ್ರೂವರ್ ಮತ್ತು ಸಂಗಡಿಗರು ೧೯೬೦ರ ದಶಕದ ಆರಂಭದಲ್ಲಿ ಇದನ್ನು ಬಳಕೆಗೆ ತಂದರು. ಈಗಿನ ಪದ್ಧತಿಯಲ್ಲಿ ಕಾರಿನ ಮೈಯನ್ನು ನೀರಿನ ಬಣ್ಣದ ತೊಟ್ಟಿಯಲ್ಲಿ ಮುಳುಗಿಸಿ, ಅದನ್ನೇ ಕ್ಯಾಥೋಡಾಗಿ ಮಾಡಿ ಕೆಲವು ನೂರು ವೋಲ್ಟ್ ವಿದ್ಯುತ್ತನ್ನು ಹರಿಸುತ್ತಾರೆ. ಧನಾವೇಶವುಳ್ಳ ರಾಳದ ಕಣಗಳು ಲೋಹದತ್ತ ಸಾಗುತ್ತವೆ. ಅಲ್ಲಿ ಹುಟ್ಟಿದ ಹೈಡ್ರಾಕ್ಸಿಲ್ ಅವುಗಳ ಆವೇಶವನ್ನು ಕಳೆದೊಡನೆ ಅವು ಕರಗದೆ ಅಂಟಿಕೊಳ್ಳುತ್ತವೆ. ಅಂಟಿದ ಕಡೆ ರೋಧ ಏರುವುದರಿಂದ ಪ್ರವಾಹವು ಇನ್ನೂ ಬರಿದಾಗಿರುವ ಮೂಲೆಗಳನ್ನು ತಾನೇ ಹುಡುಕಿಕೊಂಡು ಹೋಗುತ್ತದೆ. ಸುಮಾರು ೨೦ ಮೈಕ್ರಾನಿನಷ್ಟು ದಪ್ಪವಾಗುವ ಹೊತ್ತಿಗೆ ಲೇಪನ ತಾನಾಗಿ ನಿಲ್ಲುತ್ತದೆ. ಕುಂಚ ಮುಟ್ಟಲಾರದ ಪೊಳ್ಳುಗಳೊಳಗೂ ಬಣ್ಣ ಕೂಡುತ್ತದೆ. ಅನಂತರ ಅದನ್ನು ಒಲೆಯಲ್ಲಿ ಬೇಯಿಸುತ್ತಾರೆ. ಮೊದಮೊದಲು ಕಾರಿನ ಮೈಯನ್ನು ಆನೋಡಾಗಿ ಮಾಡುತ್ತಿದ್ದರು. ಆಗ ಸ್ವಲ್ಪ ಕಬ್ಬಿಣವೂ ಕರಗಿ ಪೊರೆಯಲ್ಲಿ ಸೇರುತ್ತಿತ್ತು. ೧೯೭೦ರ ದಶಕದ ನಡುವಿನಿಂದ ಧ್ರುವಗಳನ್ನು ಅದಲುಬದಲು ಮಾಡಿದ ಮೇಲೆ ಆ ದೋಷ ನೀಗಿತು. ತುಕ್ಕನ್ನು ಹುಟ್ಟಿಸುವ ವಿದ್ಯುತ್ಕ್ರಿಯೆಯನ್ನೇ ತುಕ್ಕಿನ ವಿರುದ್ಧ ತಿರುಗಿಸಿದ ಚಾತುರ್ಯವಿದು.

ನಮ್ಮ ಕಪಾಟುಗಳ ಕಥೆ

ನಮ್ಮ ತಪ್ಪು ಎಲ್ಲಿತ್ತು? ಬಣ್ಣ ಕೆಟ್ಟದ್ದಾಗಿರಲಿಲ್ಲ, ದಿನ ಕೆಟ್ಟದ್ದಾಗಿತ್ತು. ಹೊರಗೆ ಜಡಿಮಳೆ, ಒಳಗೆ ತೇವ ತುಂಬಿದ ಗಾಳಿ. ನೀರು ಆರದೆ ನಿಂತಿತು, ಉಕ್ಕು ಅಷ್ಟು ಹೊತ್ತೂ ನೆನೆಯಿತು. ಗಾಳಿಯ ತೇವಾಂಶ ಶೇಕಡ ೮೫ಕ್ಕಿಂತ ಕಡಿಮೆಯಿರಬೇಕು, ಲೋಹದ ಉಷ್ಣತೆ ಇಬ್ಬನಿಬಿಂದುವಿಗಿಂತ ೩ ಸೆಂಟಿಗ್ರೇಡ್ ಡಿಗ್ರಿಯಾದರೂ ಮೇಲಿರಬೇಕು ಎಂಬುದು ಬಣ್ಣಗಾರಿಕೆಯ ಸಾಮಾನ್ಯ ನಿಯಮ. ಆರ್ದ್ರತಾಮಾಪಕವು ಅದೇ ಕೋಣೆಯ ಗೋಡೆಯ ಮೇಲೆ ತೂಗುತ್ತಿದ್ದರೂ ನಾವು ಅದರತ್ತ ನೋಡಲಿಲ್ಲ! ಮಳೆ ಬಿಟ್ಟ ಮೇಲೆ ಕಪಾಟುಗಳನ್ನು ಮತ್ತೆ ಉಜ್ಜಿ, ಬಿಸಿಲೇರಿದ ಹೊತ್ತಿನಲ್ಲಿ ಅದೇ ಡಬ್ಬಿಯ ಬಣ್ಣವನ್ನು ಎರಡು ಸಾರಿ ಬಳಿಸಿದೆವು. ಈ ಸಲ ಚುಕ್ಕೆಗಳು ಮೂಡಲಿಲ್ಲ. ಅಂದು ನಕ್ಕ ವಿದ್ಯಾರ್ಥಿಯೇ ಮಾಪಕವನ್ನು ಓದಿ, ಇಬ್ಬನಿಬಿಂದುವನ್ನು ಲೆಕ್ಕಹಾಕಿ, ಬಳಿಯಲು ಅಪ್ಪಣೆ ಕೊಟ್ಟನು. ವಾಚಕರು ತಮ್ಮ ಮನೆಯ ಕಿಟಕಿಯ ಸರಳುಗಳಿಗೆ ಬಣ್ಣ ಬಳಿಸುವಾಗ ಇಷ್ಟನ್ನು ನೆನೆದರೆ ನಮ್ಮ ಶ್ರಮ ಸಾರ್ಥಕ.